ಊಟ ಆಯ್ತಾ ಅಂತೆ

ಆ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಹಾಗಂತ ಮಾತಿಗೇನೂ ಕೊರತೆ ಇರಲಿಲ್ಲ. ಹಾಲು ಮುಗಿದಿದೆ, ಗ್ಯಾಸ್ ಬುಕ್ ಮಾಡಬೇಕು, ನಾಳೆ ಡ್ಯೂಟಿ ಬೇಗ, ಬಚ್ಚಲ ನಲ್ಲಿ ಸೋರುತ್ತಿದೆ, ಎಲ್ಲ ಸುದ್ದಿಯೂ ಆ ಕಡೆಯಿಂದ ಈ ಕಡೆಗೆ ಸಲೀಸಾಗಿ ಹೋಗಿ ಬರುತ್ತಿತ್ತು. ಹೋಗಿ ಬರುತ್ತಿದ್ದದ್ದು ಮಗಳ ಫೋನಿನಲ್ಲಿ, ಅಷ್ಟೇ. ಗಂಡ ಮಗಳಿಗೆ ಮೆಸೇಜು ಹಾಕುವನು, ಮಗಳು ಅಮ್ಮನಿಗೆ ಹಾಕುವಳು. ಅಮ್ಮನ ಉತ್ತರ ಮತ್ತೆ ಅದೇ ದಾರಿಯಲ್ಲಿ ವಾಪಸು. ಎಲ್ಲರೂ ಒಂದೇ ಮೇಜಿನ ಸುತ್ತ ಊಟಕ್ಕೆ ಕೂತಾಗಲೂ ಇದೇ ಏರ್ಪಾಡು. ಗಂಡ ತಲೆ ತಗ್ಗಿಸಿ ಬೆರಳಾಡಿಸುವನು, ಮಗಳ ಫೋನು ಟಿಣ್ ಅನ್ನುವುದು, ಮಗಳು ನೋಡಿ "ಅಮ್ಮಾ, ಇನ್ನು ಸ್ವಲ್ಪ ಅನ್ನ ಬೇಕಂತೆ" ಅನ್ನುವಳು. ಹೆಂಡತಿ ಎದ್ದು ಬಡಿಸುವಳು. ಗಂಡನ ಮುಖ ನೋಡುವುದಿಲ್ಲ, ತಟ್ಟೆ ಮಾತ್ರ ನೋಡುವಳು.

ಮಗಳು ಒಂಬತ್ತನೇ ಕ್ಲಾಸು. ನಡೆಯಲು ಕಲಿತಾಗಿನಿಂದ ಒಂದು ಕಡೆ ನಿಂತವಳಲ್ಲ ಅಂತ ಅಜ್ಜಿ 'ಚೂಟಿ' ಎಂದು ಕರೆದದ್ದು, ಅದೇ ಹೆಸರು ನಿಂತುಬಿಟ್ಟಿತ್ತು.

ಜಗಳ ಶುರುವಾದದ್ದು ಶಾಂಪೂವಿನಿಂದ. ನಗಬೇಡಿ. ಮೊದಮೊದಲು ಮನೆಯಲ್ಲೇ ಇದ್ದ ಅತ್ತೆ, ಗಂಡನ ತಾಯಿ, ಅವರೂ ನಕ್ಕಿದ್ದರು, ಆಮೇಲೆ ನಗು ಬಿಟ್ಟರು. ಗಂಡ ಶಾಂಪೂ ಕಾರ್ಖಾನೆಯಲ್ಲಿ ಬಾಟಲಿ ತುಂಬುವ ಮಿಷನ್ನಿನ ಆಪರೇಟರ್. ಹೆಂಡತಿಗೆ ಪೇಟೆಯ ದೊಡ್ಡ ಅಂಗಡಿಯಲ್ಲಿ ಕೆಲಸ. ಗುಲಾಬಿ ಬಣ್ಣದ ಕೋಟು ಹಾಕಿಕೊಂಡು ಸೋಪು, ಕ್ರೀಮು, ಶಾಂಪೂಗಳ ಮುಂದೆ ನಿಂತು, ಬಂದವರಿಗೆ ಇದು ತಗೊಳ್ಳಿ ಅದು ತಗೊಳ್ಳಿ ಎಂದು ಹೇಳುವುದು. ಒಂದು ದಿನ ಊಟ ಮಾಡುತ್ತಾ ಗಂಡ ಹೇಳಿದ್ದ: "ಎರಡೂ ಒಂದೇ ಟ್ಯಾಂಕಿಂದ ಬರೋದು ಕಣೇ. ಬೆಳಿಗ್ಗೆ ಕಪ್ಪು ಬಾಟ್ಲಿ ಓಡಿಸ್ತೀವಿ, ಗಂಡಸರಿಗೆ ಅಂತ. ಮಧ್ಯಾಹ್ನ ಗುಲಾಬಿ ಬಾಟ್ಲಿ, ಹೆಂಗಸರಿಗೆ. ವಾಸನೆ ಒಂಚೂರು ಬೇರೆ. ರೇಟ್ ಮಾತ್ರ ನಿಮ್ಮದೇ ಜಾಸ್ತಿ!" ಎಲ್ಲರೂ ಹೊಟ್ಟೆ ತುಂಬಾ ನಕ್ಕಿದ್ದರು.

ಅದಾದ ಸ್ವಲ್ಪ ದಿನಕ್ಕೆ ಒಬ್ಬಾಕೆ ಅಂಗಡಿಗೆ ಬಂದು ಎರಡು ಕೈಯಲ್ಲಿ ಎರಡು ಬಾಟಲಿ ಹಿಡಿದು ಬಹಳ ಹೊತ್ತು ನಿಂತಳು. ಇವಳಿಗೆ ಪಾಪ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಬೇಕೆಂದರೆ, ತನ್ನ ಗಂಡನಿಗೆ ಒಳಗಿನ ವಿಷಯ ಗೊತ್ತು ಅನ್ನುವ ಹೆಮ್ಮೆ ಬಾಯಿಗೆ ಬಂತು. "ಎರಡೂ ಒಂದೇ ಅಮ್ಮಾ. ನಮ್ಮ ಮನೆಯವರೇ ತುಂಬೋದು. ಕಪ್ಪದ್ದೇ ತಗೊಂಡು ಹೋಗಿ" ಅಂದಳು. ಆಕೆ ಕಪ್ಪು ಬಾಟಲಿ ತೆಗೆದುಕೊಂಡು ಹೋದಳು. ಮನೆಗೆ ಹೋಗಿ, ಅಂಗಡಿಯ ಹೆಸರು, ಈ ಮಾತು, ಬಾಟಲಿಯ ಫೋಟೋ ಎಲ್ಲ ಸೇರಿಸಿ ಊರಿಗೆಲ್ಲ ಕಾಣುವ ಹಾಗೆ ಇಂಟರ್ನೆಟ್ಟಿನಲ್ಲಿ ಹಾಕಿಬಿಟ್ಟಳು.

ಕೆಲಸ ಯಾರದ್ದೂ ಹೋಗಲಿಲ್ಲ. ಇವಳ ಗುಲಾಬಿ ಕೋಟು ಬಿಚ್ಚಿಸಿ, ಶೆಲ್ಫುಗಳಿಗೆ ಮಾಲು ಜೋಡಿಸುವ ಕಡೆ ಹಾಕಿದರು. ಗಂಡನನ್ನು ಮಿಷನ್ನಿನಿಂದ ತೆಗೆದು ಲಾರಿಗೆ ಪೆಟ್ಟಿಗೆ ಹೇರುವ ಕಡೆ ಕಳಿಸಿದರು. ತಾನೇ ಕೆಲಸ ಕಲಿಸಿದ ಹುಡುಗ ಈಗ ತನ್ನ ಮಿಷನ್ನಿನ ಮುಂದೆ ನಿಂತು, ಸಾರ್, ಸ್ವಲ್ಪ ಜರುಗಿ ಅನ್ನುತ್ತಾನೆ ಎಂದು ಅವನು ಹೇಳಿದ್ದು ತಾಯಿಯ ಹತ್ತಿರ, ಹೆಂಡತಿಯ ಹತ್ತಿರ ಅಲ್ಲ.

"ಮನೇಲಿ ಊಟಕ್ಕೆ ಕೂತಾಗ ಆಡಿದ ಮಾತು. ತಗೊಂಡು ಹೋಗಿ ಬೀದೀಲಿ ಇಟ್ಟಳು" ಅಂದ.

"ನಾನೇನು ಸುಳ್ಳು ಹೇಳಿದ್ನಾ?" ಅವಳು ಅಡುಗೆಮನೆಯಿಂದ ಕೇಳಿದಳು.

"ನಿಜ ಹೇಳೋಕೆ ನನ್ನ ಹೆಸರೇ ಬೇಕಿತ್ತಾ?"

ಅವರಿಬ್ಬರೂ ಒಬ್ಬರಿಗೊಬ್ಬರು ಆಡಿದ ಕೊನೆಯ ಮಾತು ಅದು. ತಪ್ಪಾಯ್ತು ಅಂತ ಅವಳು ಹೇಳಲಿಲ್ಲ, ಹೋಗಲಿ ಬಿಡು ಅಂತ ಅವನು ಹೇಳಲಿಲ್ಲ. ಹಟ ಇಬ್ಬರಿಗೂ ಚೆನ್ನಾಗಿತ್ತು.

ಇಷ್ಟಾದರೂ ಅವಳಿಗೆ ಒಂದು ಆಸರೆ ಇತ್ತು. ಮಧ್ಯಾಹ್ನ ಅಂಗಡಿಯ ಹಿಂಭಾಗದಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಮಗಳ ಮೆಸೇಜು ಬರುತ್ತಿತ್ತು. "ಅಪ್ಪ ಕೇಳ್ತಿದ್ದಾರೆ. ಊಟ ಆಯ್ತಾ ಅಂತೆ." ಅವಳು ಡಬ್ಬಿಯ ಮುಚ್ಚಳ ಪಕ್ಕಕ್ಕಿಟ್ಟು ಆ ಸಾಲನ್ನು ಎರಡು ಸಲ ಓದುವಳು. "ಆಯ್ತು ಅನ್ನು" ಎಂದು ಬರೆಯುವಳು. ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ. ಬಾಯಿಬಿಟ್ಟು ಕೇಳಲಿ, ಆಮೇಲೆ ನೋಡೋಣ ಅಂದುಕೊಳ್ಳುವಳು. ಮೈಯೆಲ್ಲ ಮರಗಟ್ಟಿದ ಹಾಗಿದ್ದ ಆ ತಿಂಗಳುಗಳಲ್ಲಿ ಅವಳಿಗೆ ಬೆಚ್ಚಗೆ ತಾಕುತ್ತಿದ್ದದ್ದು ಅದೊಂದೇ. ಊಟ ಆಯ್ತಾ ಎಂದು ಕೇಳುವ ಗಂಡಸು ಇನ್ನೂ ಪೂರ್ತಿ ದೂರ ಹೋಗಿಲ್ಲ, ಇವತ್ತಲ್ಲ ನಾಳೆ ಸರಿಹೋಗುತ್ತಾನೆ ಎಂದು ನಂಬಿಕೊಂಡು ಅವಳು ದಿನ ನೂಕುತ್ತಿದ್ದಳು.

ಅಂಥದ್ದರಲ್ಲಿ ಶಾಲೆಯವರು ಹೊಸ ನಿಯಮ ತಂದರು.

"ಮುಂದಿನ ವಾರದಿಂದ ಬೆಳಿಗ್ಗೆ ಹೋದ ತಕ್ಷಣ ಫೋನ್ ಕೊಟ್ಬಿಡಬೇಕಂತೆ" ಎಂದು ಚೂಟಿ ಊಟದ ಹೊತ್ತಿನಲ್ಲಿ ಹೇಳಿದಳು. "ಆಫೀಸ್ ಹತ್ರ ಗೋಡೆಗೆ ಬಟ್ಟೆ ಜೇಬು ಹೊಲಿಸಿ ತೂಗುಹಾಕಿದ್ದಾರೆ. ಒಬ್ಬೊಬ್ರಿಗೆ ಒಂದೊಂದು. ಸಂಜೆ ವಾಪಸ್ಸು."

"ಒಳ್ಳೇದಾಯ್ತು ಬಿಡು" ಅಂದರು ಅತ್ತೆ. "ಮಕ್ಕಳ ಕತ್ತು ನೆಟ್ಟಗಾಗತ್ತೆ."

"ಏನಾದ್ರೂ ಅರ್ಜೆಂಟ್ ಇದ್ರೆ?" ಗಂಡ ಮಗಳನ್ನು ಕೇಳಿದ.

"ಆಫೀಸಿಗೆ ಫೋನ್ ಮಾಡ್ಬೇಕಂತೆ."

"ಹಾಲು ತರಬೇಕು ಅಂತ ಆಫೀಸಿಗೆ ಫೋನ್ ಮಾಡ್ಲಾ?"

ಚೂಟಿ ಮೊಟ್ಟೆಯ ಸಿಪ್ಪೆ ಸುಲಿಯುತ್ತಾ ಕೂತಳು. ಆ ವಾರ ಹೇಗೋ ನಡೆಯಿತು. ಮುಂದಿನ ವಾರ ಬರಿಗೈಯಲ್ಲಿ ಮನೆಗೆ ಬಂದಳು. ಇನ್ನು ಮನೆಗೂ ಕೊಡುವುದಿಲ್ಲವಂತೆ, ಪರೀಕ್ಷೆ ಮುಗಿಯುವವರೆಗೂ ಅಲ್ಲೇ ಇಟ್ಟುಕೊಳ್ಳುತ್ತಾರಂತೆ ಅಂದಳು. ಗಂಡ ಸಿಡಿಮಿಡಿಗೊಂಡ. ದುಡ್ಡು ಕೊಟ್ಟು ತಂದದ್ದು ನಾವು, ಇಟ್ಟುಕೊಳ್ಳಲು ಅವರು ಯಾರು ಎಂದು ಗೋಡೆಯ ಕಡೆ ನೋಡಿ ಕೂಗಾಡಿದ. ಹೆಂಡತಿಯೂ ಅದನ್ನೇ ಅಂದುಕೊಂಡಳು. ಆದರೆ ಅವನು ಅಂದದ್ದನ್ನೇ ತಾನೂ ಹೇಗೆ ಅನ್ನುವುದು ಎಂದು ಸುಮ್ಮನಿದ್ದಳು.

ಮರುದಿನ ಮಧ್ಯಾಹ್ನವೂ ಅವಳು ಡಬ್ಬಿ ಬಿಚ್ಚಿದಾಗ ಫೋನು ಸದ್ದು ಮಾಡಲಿಲ್ಲ. ಗೊತ್ತಿದ್ದೂ ತೆಗೆದು ನೋಡಿದಳು. ಡಬ್ಬಿ ಮುಚ್ಚಿ, ನೀರು ಕುಡಿದು ಎದ್ದಳು. ಅವತ್ತು ಹೊಸ ಮಾಲು ಬಂದಿತ್ತು, ಹೆಣ್ಣುಮಕ್ಕಳ ಪೆನ್ನು, ಗಂಡುಮಕ್ಕಳ ಪೆನ್ನು ಅಂತೆ. ಎಡಕ್ಕೆ ಗುಲಾಬಿ, ಬಲಕ್ಕೆ ನೀಲಿ ಇಡುತ್ತಾ ಹೋದಳು. ಎಲ್ಲೋ ನಡುವೆ ಕೈ ತಪ್ಪಿ ಎರಡೂ ಬೆರೆತುಹೋಗಿತ್ತು, ಸೂಪರ್‌ವೈಸರ್ ಬಂದು ಬೈದ. ಆಗಲಿ ಸಾರ್ ಎಂದು ಮತ್ತೆ ಮೊದಲಿನಿಂದ ಜೋಡಿಸಿದಳು. ಬೈಗುಳ ಕೂಡ ಮೈಗೆ ತಾಕಲಿಲ್ಲ.

ಮನೆಯಲ್ಲಿ ಫಜೀತಿ ಶುರುವಾಯಿತು. ಒಂದು ದಿನ ಇಬ್ಬರೂ ಬ್ರೆಡ್ಡು ತಂದರು, ಇನ್ನೊಂದು ದಿನ ಇಬ್ಬರೂ ಹಾಲು ಮರೆತರು. ಗ್ಯಾಸ್ ಬುಕ್ ಮಾಡಿದ್ದಾನೆ ಅಂತ ಇವಳು, ಮಾಡಿದ್ದಾಳೆ ಅಂತ ಅವನು ಅಂದುಕೊಂಡು, ಬೆಳಿಗ್ಗೆ ಬೆಳಿಗ್ಗೆ ಒಲೆ ಆರಿಹೋಯಿತು. ಮೊದಲಿನಂತೆ ಮಗಳ ಮೂಲಕ ಹೇಳಿಸೋಣವೆಂದರೆ ಚೂಟಿ ಕೈಗೆ ಸಿಗುತ್ತಿರಲಿಲ್ಲ. "ಹೋಮ್‌ವರ್ಕ್ ಇದೆ" ಎಂದು ಬಾಗಿಲು ಹಾಕಿಕೊಳ್ಳುವಳು. ಕೊನೆಗೆ ಆ ಕೆಲಸ ಅತ್ತೆಯ ತಲೆಗೆ ಬಂತು.

"ನಾನೇನು ಪೋಸ್ಟ್ ಆಫೀಸಾ?" ಎಂದು ಅತ್ತೆ ರೇಗಿದರು. ರೇಗುತ್ತಲೇ ಮಾಡಿದರು. ಆದರೆ ಅವರದ್ದು ಬೇರೆ ರೀತಿ. ಮಗ ಅಂದದ್ದನ್ನು ಅಂದ ಹಾಗೆಯೇ, ಅದೇ ಗಂಟಲಲ್ಲಿ, ಅದೇ ಮುಖದಲ್ಲಿ ತಂದು ಸೊಸೆಯ ಮುಂದೆ ಇಡುವರು.

"‘ಬೇಯಿಸೋದಿದ್ರೆ ಬೇಯಿಸ್ಲಿ, ಇಲ್ಲದಿದ್ರೆ ಬಿಡ್ಲಿ, ನಾನು ಹೊರಗೆ ತಿಂತೀನಿ’ ಅಂದ."

"ಹಾಗಂದ್ರಾ?"

"ಒಂದಕ್ಷರ ಆಚೆ ಈಚೆ ಮಾಡಿಲ್ಲ ಕಣೇ. ನಂಗ್ಯಾಕೆ ಬೇಕು?"

"ಹಾಗಿದ್ರೆ ಹೊರಗೇ ತಿನ್ನಲಿ ಅನ್ನಿ. ನಂಗೂ ಒಂದು ಪಾತ್ರೆ ತೊಳೆಯೋದು ಉಳೀತು."

ಅತ್ತೆ ಅದನ್ನೂ ಹಾಗೆಯೇ ಒಯ್ದು ಮುಟ್ಟಿಸಿದರು. ಹಜಾರದಿಂದ ಮಗನ ಧ್ವನಿ ಕೇಳಿಸಿತು. ಅವಳಿಗೆ ಎಲ್ಲ ಮಾತೂ ಸ್ಪಷ್ಟವಾಗಿ ಕೇಳಿಸಿತು, ಆದರೂ ಅತ್ತೆ ಬಂದು ಹೇಳುವವರೆಗೂ ಕಾದಳು.

"ಕೇಳಿಸ್ತಲ್ವೇನೇ ನಿಂಗೆ?" ಅಂದರು ಅತ್ತೆ.

"ಕೇಳಿಸ್ತು. ಹೇಳಿ."

ಎರಡು ಮೂರು ವಾರದ ಹಿಂದೆ ಮಧ್ಯಾಹ್ನ ಮಧ್ಯಾಹ್ನ ಊಟ ಆಯ್ತಾ ಎಂದು ಕೇಳುತ್ತಿದ್ದವನು ಇವನೇನಾ ಎಂದು ಅವಳಿಗೆ ಅನುಮಾನವಾಗತೊಡಗಿತು. ಇಷ್ಟು ಬೇಗ ಹೀಗೆ ಕಲ್ಲಾದನೇ? ಫೋನಿದ್ದಾಗ ಕೇಳುವವನು, ಫೋನಿಲ್ಲದಾಗ ತಾಯಿಯ ಕೈಲಿ ಕೇಳಿಸಬಾರದೇ? ಸಂಕೋಚವಿರಬೇಕು ಅಂದುಕೊಂಡಳು. ತಾಯಿಯ ಮುಂದೆ ಯಾವ ಗಂಡಸು ಹೆಂಡತಿ ಉಂಡಳೇ ಎಂದು ವಿಚಾರಿಸುತ್ತಾನೆ? ಮಗಳ ಹತ್ತಿರವಾದರೆ ಸರಿ. ಒಟ್ಟಿನಲ್ಲಿ ತಪ್ಪೆಲ್ಲ ಶಾಲೆಯವರದ್ದು, ಆ ಫೋನು ವಾಪಸು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತು.

ಅಷ್ಟರಲ್ಲಿ ಕಣ್ಣಿನ ಆಸ್ಪತ್ರೆಯದ್ದೊಂದು ಆಯಿತು. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಬಹಳ ಕಾದು ದಿನ ಸಿಕ್ಕಿತ್ತು. ರಜೆ ಹಾಕುವುದು ತನಗೆ ಸುಲಭವಲ್ಲ, ಅವಳೇ ಹೋಗುತ್ತಾಳೆ ಅಂದುಕೊಂಡು ಗಂಡ ಕಾರ್ಖಾನೆಗೆ ಹೋದ. ಅವನ ತಾಯಿ, ಅವನೇ ರಜೆ ಹಾಕಿರುತ್ತಾನೆ ಅಂದುಕೊಂಡು ಅವಳು ಅಂಗಡಿಗೆ ಹೋದಳು. ಸಂಜೆ ಅವಳು ಬಂದು ನೋಡಿದರೆ ಅತ್ತೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಬೆಳಿಗ್ಗೆ ಕೂತವರು ಎದ್ದಿರಲಿಲ್ಲ.

"ಅತ್ತೇ, ಅವರು ಕರ್ಕೊಂಡು ಹೋಗ್ಲಿಲ್ವಾ?"

"ಇಲ್ಲ."

ಹಿಂದೆಯೇ ಗಂಡ ಬಂದ. "ಅಮ್ಮಾ, ಅವಳು ಕರ್ಕೊಂಡು ಹೋಗ್ಲಿಲ್ವಾ?"

"ಇಲ್ಲ ಕಣೋ."

"ರಜೆ ಹಾಕ್ತೀನಿ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ಅಂತ ಕೇಳು ಅವಳನ್ನ!"

"ಹಾಕಲ್ಲ ಅಂತ ಒಂದು ಮಾತು ಹೇಳೋಕೆ ಅವರಿಗೇನಾಗಿತ್ತು ಕೇಳಿ ಅತ್ತೆ!"

ಅತ್ತೆ ಇಬ್ಬರನ್ನೂ ನೋಡಿದರು. ಎಷ್ಟು ಕಂಡರೋ ಎಷ್ಟು ಬಿಟ್ಟರೋ. "ಪೊರೆ ಬಂದಿರೋ ಕಣ್ಣು ನಂದು" ಅಂದರು. "ನಿಮ್ಮಿಬ್ಬರದ್ದೂ ಚೆನ್ನಾಗಿದೆಯಲ್ಲ, ಆ ಗೋಡೆ ಕಾಣಿಸುತ್ತೆ, ಈ ಗೋಡೆ ಕಾಣಿಸುತ್ತೆ, ಎದುರಿಗಿರೋರು ಮಾತ್ರ ಕಾಣಿಸಲ್ಲ. ಇನ್ಮೇಲೆ ನನ್ನ ಹತ್ರ ಏನೂ ಹೇಳ್ಬೇಡಿ. ನಾನು ಯಾರಿಗೂ ಹೇಳಲ್ಲ." ಚೀಲ ತೆಗೆದುಕೊಂಡು ಒಳಗೆ ಹೋದರು.

ಅವತ್ತಿನಿಂದ ಆ ಮನೆ ನಿಜವಾಗಿ ಸುಮ್ಮನಾಯಿತು. ತಟ್ಟೆಗಳ ಸದ್ದು ಮಾತ್ರ. ವಿಚಿತ್ರವೆಂದರೆ ಚೂಟಿ ಮಾತ್ರ ಚೆನ್ನಾಗಿದ್ದಳು. ಹಲ್ಲುಜ್ಜುತ್ತಾ ಗುನುಗುವಳು, ಎರಡನೇ ಸಲ ಅನ್ನ ಹಾಕಿಸಿಕೊಳ್ಳುವಳು, ಹಾಸಿಗೆಗೆ ಬಿದ್ದ ತಕ್ಷಣ ನಿದ್ದೆ. ಹುಡುಗಿಯ ಮುಖದಲ್ಲಿ ಕಳೆ ಬಂದಿದೆ ಎಂದು ಅತ್ತೆಯೇ ಅಂದರು. ಅದನ್ನು ನೋಡಿ ಅಮ್ಮನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮನೆ ಹೀಗಿರುವಾಗ ಇವಳಿಗೆ ಹಾಡು ಹೇಗೆ ಬರುತ್ತದೆ ಎಂದು ಸಿಟ್ಟು ಕೂಡ ಬಂತು.

ಶಾಲೆಗೆ ಹೋಗಿ ಕೇಳಿಯೇಬಿಡುತ್ತೇನೆ ಎಂದು ಅವಳು ತೀರ್ಮಾನಿಸಿದ್ದು ಆ ಸಿಟ್ಟಿನಲ್ಲೇ. ಅತ್ತೆಗೆ ಹೇಳಿದಳು, ಅತ್ತೆ ಹೂಂ ಅಂದರು. ಸೂಪರ್‌ವೈಸರನ ಕೈಕಾಲು ಹಿಡಿದು ಒಂದು ಸಂಜೆ ಬೇಗ ಹೊರಟಳು. ಶಾಲೆಯ ಗೇಟಿನ ಹತ್ತಿರ ಬಸ್ಸಿಳಿದು ನೋಡಿದರೆ, ಕಾರ್ಖಾನೆಯ ನೀಲಿ ಅಂಗಿಯಲ್ಲೇ ಗಂಡ ನಿಂತಿದ್ದಾನೆ! ಅವನೂ ತಾಯಿಗೆ ಹೇಳಿಯೇ ಬಂದಿದ್ದ. ಆಕೆ ಅವನಿಗೂ ಹೂಂ ಅಂದಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ನೋಡದವರ ಹಾಗೆ, ಒಬ್ಬರ ಹಿಂದೆ ಒಬ್ಬರು ಒಳಗೆ ಹೋದರು.

ಬೆಲ್ ಆಗಲೇ ಹೊಡೆದಿತ್ತು. ಆಫೀಸಿನ ಪಕ್ಕದ ಗೋಡೆಯ ತುಂಬ ಬಟ್ಟೆಯ ಜೇಬುಗಳು, ಮೇಲೆ ನಂಬರು. ಎಲ್ಲ ಖಾಲಿಯಾಗಿ ಜೋತುಬಿದ್ದಿದ್ದವು, ಒಂದು ಮಾತ್ರ ಉಬ್ಬಿಕೊಂಡಿತ್ತು. ಕ್ಲಾಸ್ ಟೀಚರ್ ತಾವಾಗಿಯೇ ಎದುರು ಬಂದರು.

"ಬನ್ನಿ ಬನ್ನಿ. ಇಬ್ಬರೂ ಒಟ್ಟಿಗೆ ಬಂದದ್ದು ಒಳ್ಳೇದೇ ಆಯ್ತು."

"ಫೋನ್ ಯಾಕೆ ಇಟ್ಕೊಂಡಿದ್ದೀರಿ ಮೇಡಂ?" ಗಂಡ ನೇರವಾಗಿ ಕೇಳಿದ. "ಸಂಜೆ ಕೊಡ್ತೀವಿ ಅಂದಿದ್ರಲ್ಲ."

"ನಾವೆಲ್ಲಿ ಇಟ್ಕೊಂಡಿದ್ದೀವಿ?" ಟೀಚರ್ ಗೋಡೆ ತೋರಿಸಿದರು. "ದಿನಾ ಕರೆದು ಕರೆದು ನಂಗೆ ಸಾಕಾಗಿದೆ. ಎಲ್ಲರೂ ಓಡಿಬಂದು ಕಿತ್ಕೊಂಡು ಹೋಗ್ತಾರೆ, ನಿಮ್ಮ ಮಗಳು ಮುಟ್ಟೋದೇ ಇಲ್ಲ. ಇಲ್ಲೇ ಇರಲಿ ಮಿಸ್ ಅಂತಾಳೆ. ನಿಮ್ಮನ್ನ ಕರೆಸೋಣ ಅಂತಿದ್ದೆ. ಬೇಡ ಮಿಸ್, ಅಪ್ಪ ಅಮ್ಮ ಇಬ್ಬರೂ ಕೂತು ಮಾತಾಡಿ ಹೀಗೇ ಅಂತ ತೀರ್ಮಾನ ಮಾಡಿದ್ದಾರೆ ಅಂದ್ಲು."

ಟೀಚರ್ ಉಬ್ಬಿದ್ದ ಆ ಜೇಬಿನಿಂದ ಫೋನು ತೆಗೆದು ಮುಂದೆ ಹಿಡಿದರು. ಯಾರೂ ಕೈ ಚಾಚಲಿಲ್ಲ. ಅವರು ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಚೂಟಿಯನ್ನು ಮೈದಾನದಿಂದ ಕರೆಸಿ, ನೀವೇ ಮಾತಾಡಿಕೊಳ್ಳಿ ಎಂದು ಒಳಗೆ ಹೋದರು.

ಚೂಟಿ ಬಂದಳು. ಮುಖ ಕೆಂಪಾಗಿತ್ತು, ಆಟ ಆಡಿಯೋ ಹೆದರಿಕೆಗೋ ತಿಳಿಯಲಿಲ್ಲ.

"ಸುಳ್ಳು ಹೇಳಿದೆ. ಬೈಯೋದಿದ್ರೆ ಬೈಯಿರಿ" ಅಂದಳು.

"ಯಾಕೆ?" ಗಂಡ ಕೇಳಿದ.

"ಸುಸ್ತಾಯ್ತಪ್ಪ."

"ಸುಸ್ತಾಗೋಕೆ ಏನು ಮೂಟೆ ಹೊತ್ತೆ?" ಅಮ್ಮನಿಗೆ ತಡೆಯಲಾಗಲಿಲ್ಲ. ಗಂಡ ಅಲ್ಲೇ ನಿಂತಿರುವುದೂ ಮರೆತುಹೋಯಿತು. "ಮಧ್ಯಾಹ್ನ ಒಂದು ಸಾಲು ಬರಿಯೋಕೆ ಅಷ್ಟು ಸುಸ್ತಾ? ಅಪ್ಪ ಊಟ ಆಯ್ತಾ ಅಂತ ಕೇಳ್ತಿದ್ದಾರೆ ಅನ್ನೋಕೆ ನಿನಗೇನು ಭಾರವಾಗ್ತಿತ್ತೇ? ನಾನು ದಿನಾ ಅದೊಂದಕ್ಕೆ..."

ಅಷ್ಟಕ್ಕೆ ನಿಲ್ಲಿಸಿದಳು. ಗಂಡ ಮಗಳ ಕಡೆ ತಿರುಗಿದ್ದ.

"ನಾನೆಲ್ಲಿ ಕೇಳಿದ್ದೆ? ಅಮ್ಮ ಕೇಳ್ತಿದ್ದಾಳೆ, ಊಟ ಆಯ್ತಾ ಅಂತೆ, ಅಂತ ನೀನು ತಾನೇ ನನಗೆ ಹಾಕ್ತಿದ್ದೆ?"

ಚೂಟಿ ಶೂಸಿನ ತುದಿಯಿಂದ ನೆಲ ಒತ್ತುತ್ತಾ ನಿಂತಳು. "ಇಬ್ಬರೂ ಕೇಳಿರಲಿಲ್ಲ" ಅಂದಳು. "ನಾನೇ ಹಾಕ್ತಿದ್ದೆ. ಇಬ್ಬರಿಗೂ. ನೀವು ಹಾಕಿದ್ದನ್ನ ಹಾಗೇ ಹಾಕಿದ್ರೆ ಆಗ್ತಿರಲಿಲ್ಲ. ಅಪ್ಪ ‘ಅವಳ ಹಾಳಾದ ಬಾಯಿ’ ಅಂತ ಹಾಕಿದ್ರೆ ನಾನು ‘ಅಪ್ಪಂಗೆ ಇವತ್ತು ಬೇಜಾರಂತೆ’ ಅಂತ ಬರೀತಿದ್ದೆ. ಅಮ್ಮಾ, ನೀನು ‘ಸಾಯಲಿ’ ಅಂತ ಹಾಕಿದ್ದೆ ಒಂದು ಸಲ. ಅದಕ್ಕೆ ಏನು ಬರೀಬೇಕು ಅಂತ ಗಣಿತದ ಕ್ಲಾಸ್ ಪೂರ್ತಿ ಯೋಚನೆ ಮಾಡಿದೀನಿ. ಊಟ ಆಯ್ತಾ ಅಂತ ಕೇಳಿದ್ರೆ ಇಬ್ಬರೂ ಆವತ್ತು ಸಂಜೆ ಸ್ವಲ್ಪ ಚೆನ್ನಾಗಿರ್ತಿದ್ರಿ. ಅದಕ್ಕೆ ದಿನಾ ಹಾಕ್ತಿದ್ದೆ. ನೀವು ಸರಿಹೋಗ್ತೀರಿ ಅಂತ ಅಂದ್ಕೊಂಡಿದ್ದೆ. ಆಗ್ಲಿಲ್ಲ. ಆಮೇಲೆ ಈ ರೂಲ್ ಬಂತು."

ಮೈದಾನದ ಕಡೆಯಿಂದ ಯಾರೋ ಚೂಟಿಯನ್ನು ಕೂಗಿದರು.

"ನಾನು ಗೆಳತಿ ಜೊತೆ ಬರ್ತೀನಿ. ನೀವು ಹೋಗಿರಿ" ಎಂದು ಅವಳು ಹೊರಟಳು. ಯಾರೂ ತಡೆಯಲಿಲ್ಲ. ಫೋನು ಕಟ್ಟೆಯ ಮೇಲೆಯೇ ಇತ್ತು. ಅದರ ಕಡೆ ಅವಳು ನೋಡಲೂ ಇಲ್ಲ.

ಹೆಂಡತಿ ಗಂಡನ ಮುಖ ನೋಡಿದಳು. ನೆತ್ತಿಯಲ್ಲಿ ಬಿಳಿಗೂದಲು ಹೆಚ್ಚಾಗಿದ್ದವು, ಪೆಟ್ಟಿಗೆ ಹೊತ್ತು ಒಂದು ಭುಜ ಇಳಿದಿತ್ತು. ಇದೆಲ್ಲ ಯಾವಾಗ ಆಯಿತೋ ಅವಳಿಗೆ ಗೊತ್ತಿರಲಿಲ್ಲ.

"ನೀವು ಒಂದು ಸಲಾನೂ ಕೇಳಿರಲಿಲ್ವಾ?" ಅಂದಳು. ಮಾತು ನೇರವಾಗಿ ಅವನಿಗೇ ಆಡಿದ್ದು.

"ಇಲ್ಲ" ಅಂದ ಅವನು. ಆಮೇಲೆ ಕೇಳಿದ, "ನೀನು?"

"ಇಲ್ಲ."

ಅಳು ಬರಬಹುದು ಎಂದು ಕಾದಳು, ಬರಲಿಲ್ಲ. ಸಿಟ್ಟೂ ಬರಲಿಲ್ಲ. ಇಷ್ಟು ದಿನ ಯಾರ ಮಾತು ನಂಬಿಕೊಂಡು ಉಂಡೆನೋ ಆ ಮಾತು ಆಡಿದವಳು ಹದಿನಾಲ್ಕು ತುಂಬದ ಹುಡುಗಿ ಎಂದು ಮಾತ್ರ ತಲೆಯಲ್ಲಿ ಸುತ್ತುತ್ತಿತ್ತು. ಇಬ್ಬರೂ ಗೇಟು ದಾಟಿ ಬಸ್ ಸ್ಟಾಪಿಗೆ ಬಂದು ನಿಂತರು. ಪಕ್ಕದಲ್ಲಿ ಒಬ್ಬ ಕಡಲೆಕಾಯಿ ಹುರಿಯುತ್ತಿದ್ದ.

"ಇನ್ಮೇಲೆ ಏನಿದ್ರೂ ನಾನೇ ನೇರ ಹೇಳ್ತೀನಿ" ಅಂದ ಗಂಡ, ರಸ್ತೆ ನೋಡುತ್ತಾ. "ಅವಳನ್ನ ನಡುವೆ ಹಾಕೋದು ಬೇಡ."

"ಹೇಳೋಕೆ ಏನಾದ್ರೂ ಇದೆಯಾ?"

ಕುಟುಕಬೇಕೆಂದು ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಅವನಿಗೂ ಅದು ಅರ್ಥವಾಗಿರಬೇಕು, ರೇಗಲಿಲ್ಲ. ಅಂಗಿಯ ಗುಂಡಿ ಹಿಡಿದುಕೊಂಡು ಯೋಚಿಸಿದ. ಬಸ್ಸು ಬಂದು ನಿಂತು, ಜನ ಇಳಿದು, ಇಬ್ಬರೂ ಹತ್ತಿ ಕೂತ ಮೇಲೂ ಯೋಚಿಸುತ್ತಲೇ ಇದ್ದ.